ಗುಬ್ಬಿಯ ನಾಟಕ ಮಂಡಲಿಯಲ್ಲಿ ಕಾಯಕವೂ ಸಂಬಳವೂ

ಕನ್ನಡದಲ್ಲಿ ‘ಕಂಪನಿ’ ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ: ವ್ಯಾಪಾರಸಂಸ್ಥೆ ಎಂಬುದೊಂದು, ವೃತ್ತಿನಾಟಕ ಮಂಡಲಿ ಎಂಬುದು ಮತ್ತೊಂದು. ಈ ಎರಡನೆಯ ಅರ್ಥಕ್ಕೆ ಕಾರಣವುಂಟು. ನಾಟಕ ಮಂಡಲಿಯು ಕಲಾವಿದರ ಕೂಟವಾಗಿದ್ದಂತೆಯೇ ಮಾಲೀಕ, ಸಂಬಳಗಾರ, ಲಾಭನಷ್ಟಗಳೆಂಬ ಅಂಗಗಳುಳ್ಳ ಉದ್ಯಮವೂ ಆಗಿದ್ದಿತು. ಕಂಪನಿ ನಾಟಕಗಳನ್ನು ಪುಸ್ತಕರೂಪದಲ್ಲಿ ಮಾತ್ರ ಓದಿ ಬೆಲೆಕಟ್ಟುವ ವಿಮರ್ಶೆಯು ಈ ಉದ್ಯಮದ ಮುಖವನ್ನು ಕಾಣದು. ಕಾಣದುದರಿಂದ ಆ ನಾಟಕಗಳ ರೂಪವೂ ಅದಕ್ಕೆ ಪೂರ್ಣವಾಗಿ ತಿಳಿಯದು. ತುಮಕೂರು ಜಿಲ್ಲೆಯ ಗುಬ್ಬಿಯ ಮಂಡಲಿಯು ಇದಕ್ಕೆ ಒಳ್ಳೆಯ ನಿದರ್ಶನ.

ಗುಬ್ಬಿಯ ಚನ್ನಬಸವೇಶ್ವರನ ಹೆಸರಿನ ಈ ಮಂಡಲಿಯು 1884ರಲ್ಲಿ ಹುಟ್ಟಿತು. ಅದಕ್ಕೆ ಮೂರು ವರ್ಷ ಮೊದಲು, 1881ರಲ್ಲಿ, ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಹನ್ನೆರಡರೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಗಳ ಮಿತಿಯನ್ನು ವಿಧಿಸಿದ್ದಿತು. ಅದು ಯಂತ್ರಶಕ್ತಿಯಿಂದ ನಡೆಯುವ ದೊಡ್ಡ ಕಾರ್ಖಾನೆಗಳ ಮಾತು. ಊರೂರು ಅಲೆಯುವ ನಾಟಕದವರಿಗೆ ಅದರ ಸೋಂಕಿರಲಿಲ್ಲ. 1891ರಲ್ಲಿ ಜನಿಸಿದ ಶ್ರೀ ವೀರಣ್ಣನವರು ಎಳೆಯ ಬಾಲಕರಾಗಿಯೇ ಮಂಡಲಿಯನ್ನು ಸೇರಿ, ಮುಂದೆ ಅದರ ಒಡೆಯರಾದರು. ಶ್ರೀ ಜಿ. ವಿ. ಅಯ್ಯರ್, ಶ್ರೀ ಬಿ. ವಿ. ಕಾರಂತರೂ ಹುಡುಗರಾಗಿ ಅಲ್ಲಿಗೆ ಬಂದವರೇ. ಇಂಥವರಿಗೆ ಕಂಪನಿಯೇ ಮನೆ, ಕಂಪನಿಯೇ ಪಾಠಶಾಲೆ.

ಮಂಡಲಿಯೊಂದು ಮೊಕ್ಕಾಮು ಹೂಡಬೇಕಾದರೆ ನಟರಷ್ಟೇ ಸಾಲದು. ಹಾರ್ಮೋನಿಯಂ ತಬಲಗಳವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ದೀಪದವರು, ಅಡುಗೆಯವರು, ಬಾಗಿಲು ಕಾಯುವವರು, ಇವರೆಲ್ಲರೂ ಬೇಕು. ಸಂಬಳದೊಡನೆ ಊಟ ವಸತಿಗಳು ಸೇರಿರುವುದು ವೃತ್ತಿಮಂಡಲಿಗಳ ವಾಡಿಕೆ. ಹೆಣ್ಣುಪಾತ್ರಗಳನ್ನು ಸ್ತ್ರೀಯರೇ ವಹಿಸುವ ಪದ್ಧತಿಯನ್ನು ಬೆಳೆಸಿದ ಮಂಡಲಿಗಳಲ್ಲಿ ಗುಬ್ಬಿಯದು ಪ್ರಮುಖವಾದುದು, ಶ್ರೀಮತಿ ಬಿ. ಜಯಮ್ಮನವರ ಕೀರ್ತಿಯು ಅಲ್ಲಿಯೇ ಬೆಳೆಯಿತು.

ಈ ಏರ್ಪಾಡಿನ ಗುರುತು ನಾಟಕಗಳ ರಚನೆಯಲ್ಲಿಯೇ ಕಾಣುತ್ತದೆ. ಗಂಭೀರವಾದ ಕಥೆಯ ನಡುವೆ ಹಾಸ್ಯದೃಶ್ಯಗಳು ಬರುವುದನ್ನು ವಿಮರ್ಶಕರು ಅನೌಚಿತ್ಯವೆಂದು ಹಳಿದಿರುವುದುಂಟು. ಆದರೆ ಮುಂದಿನ ಪರದೆಯ ಎದುರಿಗೆ ಹಾಸ್ಯಗಾರನು ಜನರನ್ನು ನಗಿಸುತ್ತಿರುವಾಗ, ಅದರ ಹಿಂದೆ ಬಡಗಿಗಳೂ ಆಳುಗಳೂ ಅರಮನೆಯನ್ನು ಕಳಚಿ ಅರಣ್ಯವನ್ನು ನಿಲ್ಲಿಸಬೇಕು. ಆ ಹಾಸ್ಯವು ಅವರ ಕೆಲಸಕ್ಕೆ ದೊರೆತ ಅವಕಾಶ. ಶ್ರೀ ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ‘ಕುರುಕ್ಷೇತ್ರ’ವು 1934ರಲ್ಲಿ ಆನೆಕುದುರೆಗಳೊಡನೆ ರಂಗವನ್ನೇರಿದುದು ಪ್ರಸಿದ್ಧವಾಗಿದೆ. ಅಂಥ ವೈಭವದ ಹಿಂದೆ ಎಷ್ಟು ಕೈಗಳು ಹೊಂದಿ ದುಡಿಯಬೇಕೆಂಬುದನ್ನು ಅಚ್ಚಾದ ಪಠ್ಯವು ಹೇಳಲಾರದು. ಮೇಲಾಗಿ, ಮಂಡಲಿಯ ನಾಟಕಕಾರನು ಸಂಬಳಕ್ಕಿರುವ ನಟರ ಕಂಠವನ್ನೂ ಶಕ್ತಿಯನ್ನೂ ಅರಿತೇ ಬರೆಯಬೇಕು. ಗುಬ್ಬಿಯಲ್ಲಾದರೋ ಒಡೆಯರೇ ಹೆಸರಾಂತ ಹಾಸ್ಯನಟರು. ‘ಸದಾರಮೆ’ಯ ಕಳ್ಳನಾಗಿ ಅವರು ಗಳಿಸಿದ ಮನ್ನಣೆಯು ಸರ್ವವಿದಿತ.

ಶ್ರೀ ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಕಾಯಕವೆಂಬುದು ಶರಣರ ಮಾತು. ದಾಸೋಹವು ಅದರ ಜೊತೆಯದು. ದುಡಿದವರೆಲ್ಲರೂ ಒಟ್ಟಿಗೆ ಉಣ್ಣುವ ಕಂಪನಿಯ ಪಂಕ್ತಿಯಲ್ಲಿ ಈ ಆದರ್ಶದ ಛಾಯೆ ಇಲ್ಲದಿಲ್ಲ. ಶ್ರೀ ಕಾರಂತರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ಶ್ರೀ ವೀರಣ್ಣನವರೇ. ಕೇವಲ ಲಾಭವನ್ನೆಣಿಸುವ ಮಾಲೀಕನು ಕೈಗೆ ಬಂದ ಕೆಲಸಗಾರನನ್ನು ಹಾಗೆ ಬಿಟ್ಟುಕೊಡಲಾರನು. ಆದರೂ ಕಾಯಕವೂ ಸಂಬಳವೂ ಒಂದೇ ಅಲ್ಲ. ದಾಸೋಹದಲ್ಲಿ ‘ನಾನು ಕೊಟ್ಟೆನು’ ಎಂಬ ಎಣಿಕೆ ಸಲ್ಲದು. ಉದ್ಯಮದಲ್ಲಿ ಲೆಕ್ಕವಿಡದೆ ತೀರದು. ಒಡೆಯನ ಔದಾರ್ಯವು ಎಷ್ಟೇ ದೊಡ್ಡದಾದರೂ ಅದು ಅವನ ಸ್ವಭಾವ, ಕೆಲಸಗಾರನ ಹಕ್ಕಲ್ಲ. ಮಳೆ ಹಿಡಿದು ಟಿಕೀಟು ಮಾರದ ದಿನ ಇಬ್ಬರೂ ಒಂದೇ ದೋಣಿಯವರು. ಆದರೆ ದೋಣಿಯು ಯಾರದೆಂಬುದು ಮರೆಯತಕ್ಕ ಸಂಗತಿಯಲ್ಲ.

ಕಾಲವು ಈ ಸಂಬಂಧವನ್ನು ಸಡಿಲಿಸಿತು. ಶ್ರೀ ವೀರಣ್ಣನವರೇ ನಿರ್ಮಾಣದಲ್ಲಿ ಭಾಗಿಗಳಾಗಿದ್ದ ‘ಬೇಡರ ಕಣ್ಣಪ್ಪ’ವು 1954ರಲ್ಲಿ ತೆರೆಕಂಡಾಗ, ಅವರ ಕಂಪನಿಯಲ್ಲಿ ಪಳಗಿದ ರಾಜಕುಮಾರ್, ನರಸಿಂಹರಾಜು ಇವರಿಗೆ ಚಲನಚಿತ್ರದ ಬಾಗಿಲು ತೆರೆಯಿತು. ಒಡೆಯರು ಬೆಳೆಸಿದ ಕೆಲಸಗಾರರು ಒಡೆಯರ ಕೈಯಿಂದಲೇ ಬೇರೊಂದು ಉದ್ಯಮಕ್ಕೆ ಸಂದರು. 1972ರಲ್ಲಿ ಶ್ರೀ ವೀರಣ್ಣನವರು ತೀರಿಕೊಂಡರು. 1989ರಲ್ಲಿ ಸರ್ಕಾರವು ಮೈಸೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿ ಶ್ರೀ ಕಾರಂತರನ್ನು ಮೊದಲ ನಿರ್ದೇಶಕರನ್ನಾಗಿ ಮಾಡಿದಾಗ, ನಟರಿಗೆ ಸರ್ಕಾರದ ಸಂಬಳವೇ ದೊರೆಯಿತು. ಗುಬ್ಬಿಯಲ್ಲಿ ಒಬ್ಬ ಒಡೆಯನ ಮನಸ್ಸನ್ನು ಅವಲಂಬಿಸಿದ್ದ ನಟನ ಅನ್ನವು ಅಲ್ಲಿ ಸಂಸ್ಥೆಯೊಂದರ ಹೊಣೆಯಾಯಿತು.

ತುಮಕೂರಿನ ಕಲಾಕ್ಷೇತ್ರವು ಶ್ರೀ ವೀರಣ್ಣನವರ ಹೆಸರನ್ನು ಹೊತ್ತಿದೆ. ಅದು ಯುಕ್ತವೇ ಸರಿ. ಪರದೆಯ ಹಿಂದೆ ದುಡಿದವರ ಹೆಸರುಗಳು ಎಲ್ಲಿಯೂ ಕೆತ್ತಲ್ಪಟ್ಟಿಲ್ಲ. ಆದರೆ ಕಂಪನಿ ನಾಟಕದ ಪ್ರತಿಯೊಂದು ಹಾಸ್ಯದೃಶ್ಯದಲ್ಲಿಯೂ ಅವರ ಕೆಲಸದ ಅಳತೆಯು ಉಳಿದುಬಂದಿದೆ. ನಾಟಕವನ್ನು ತರಗತಿಯಲ್ಲಿ ಬೋಧಿಸುವವರು ಆ ಅಳತೆಯನ್ನೂ ಪಾಠದೊಳಗೆ ಸೇರಿಸಿಕೊಳ್ಳುವುದು ಉಚಿತ.