ಕ್ಯಾಸೆಟ್ ಕೆಟ್ಟಿಲ್ಲ, ಕೇಳಿಸುವ ಯಂತ್ರ ಸರಿಯಿಲ್ಲ

ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಕ್ಯಾಸೆಟ್ ತುಂಬಿದ ಡಬ್ಬಿಗಳಿವೆ. ಅಂಗಡಿಯಲ್ಲಿ ಕೊಂಡ ಹಾಡುಗಳ ಮಾತಲ್ಲ, ಅವು ಬೇರೆಡೆ ಸಿಕ್ಕಾವು. ರಂಗಸ್ಥಳದ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಬೆಳಗಿನವರೆಗೆ ಕೂತ ಅಭಿಮಾನಿಗಳು ತುಂಬಿಸಿಕೊಂಡು ಬಂದ ಯಕ್ಷಗಾನದ ಆಟ, ತಾಳಮದ್ದಲೆಗಳ ಮಾತು. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯ, 2006ರಲ್ಲಿ ಅಗಲಿದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಯಾರದೋ ಮನೆಯ ರೀಲಿನಲ್ಲಿ ಇನ್ನೂ ಇರಬಹುದು, ಬೇರೆಲ್ಲೂ ಇಲ್ಲದಿರಬಹುದು. ಅವನ್ನು ಕಂಪ್ಯೂಟರಿಗೆ ಇಳಿಸುವುದು ಮನೆಯಲ್ಲೇ ಆಗುವ ಕೆಲಸ. ಅಡ್ಡಬರುವುದು ಕೆಲವು ತಪ್ಪು ನಂಬಿಕೆಗಳು.

ಸ್ವರ ಮಂಕಾಗಿದ್ದರೆ ಕ್ಯಾಸೆಟ್ ಹೋಯಿತು ಎಂಬುದು ಅವುಗಳಲ್ಲಿ ಮೊದಲನೆಯದು. ಹಾಗೆಂದುಕೊಂಡು ಎಸೆದವುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇದ್ದಿರಬೇಕು. ಮಂಕಿಗೆ ಕಾರಣ ಹಲವು ಸಲ ಪ್ಲೇಯರಿನ ಹೆಡ್. ಅದರ ಮೇಲೆ ಕಂದು ಕೊಳೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣ ಹೆಡ್ಡಿನ ಓರೆ. ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಕೂದಲೆಳೆಯಷ್ಟು ವಾಲಿದ್ದರೂ ಸಾಕು, ನೇರವಾಗಿ ಕೂತ ಇಂದಿನ ಹೆಡ್ಡಿಗೆ ಜಾಗಟೆಯ ಝೇಂಕಾರ, ಮಾತಿನ ಸ-ಶಗಳು ಸಿಕ್ಕುವುದಿಲ್ಲ. ಹೆಡ್ಡನ್ನು ಹಿಡಿದ ಎರಡು ತಿರುಪುಗಳಲ್ಲಿ ಸಾಮಾನ್ಯವಾಗಿ ಒಂದರ ಅಡಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಟೇಪು ಓಡುತ್ತಿರುವಾಗಲೇ, ಸದ್ದನ್ನು ಮೋನೋದಲ್ಲಿ ಕೇಳುತ್ತ, ಆ ತಿರುಪನ್ನು ಅತಿ ನಿಧಾನವಾಗಿ ತಿರುಗಿಸಿ. ಒಂದು ಕಡೆ ಜಾಗಟೆ ಥಟ್ಟನೆ ಬಿಚ್ಚಿಕೊಂಡು ಕೇಳುತ್ತದೆ. ನಿಲ್ಲಿಸಬೇಕಾದದ್ದು ಅಲ್ಲಿ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು. ಇಲ್ಲಿ ತಪ್ಪಿಸಿಕೊಂಡ ಸ್ವರವನ್ನು ಮುಂದೆ ಯಾವ ಸಾಫ್ಟ್‌ವೇರೂ ತಂದುಕೊಡದು.

ಹೀಗಾಗಿಯೇ, ಅಗ್ಗದ ಯುಎಸ್‌ಬಿ ಪ್ಲೇಯರ್ ಒಂದಿದ್ದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಂಥವುಗಳ ಮೋಟಾರು ಒಂದೇ ವೇಗದಲ್ಲಿ ಓಡದೆ ಶ್ರುತಿ ಅಲುಗುತ್ತದೆ. ಬೆಲ್ಟ್ ಬದಲಿಸಿದ ಹಳೆಯ ಒಳ್ಳೆಯ ಡೆಕ್ ಎಷ್ಟೋ ಮೇಲು. ಅದರ ಲೈನ್ ಔಟ್‌ನಿಂದ ಚಿಕ್ಕದೊಂದು ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್ ಇನ್ನಿಗೆ ವೈರು ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಬೇಡ. ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪಿಗೆ ಡಾಲ್ಬಿ ಗುಂಡಿ ಒತ್ತಿದರೂ ಸ್ವರ ಮಂಕಾಗುತ್ತದೆ, ಏಕೆಂದರೆ ಆ ಸಣ್ಣ ರೆಕಾರ್ಡರುಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಇರುತ್ತಿರಲಿಲ್ಲ.

ಭಾಗವತರ ಸ್ವರ ಕೀಚಲಾಗಿ, ಅವಸರವಾಗಿ ಕೇಳಿದರೆ ರೀಲು ಸಡಿಲಾಗಿದೆ ಎನ್ನುವವರಿದ್ದಾರೆ. ಬ್ಯಾಟರಿಯಲ್ಲಿ ಓಡಿದ ರೆಕಾರ್ಡರಾದರೆ ಬೇರೆಯೇ ಕಾರಣವಿರಬಹುದು. ಬೆಳಗಿನ ಜಾವಕ್ಕೆ ಬ್ಯಾಟರಿ ಸೋತಾಗ ರೀಲು ನಿಧಾನವಾಗಿ ಓಡಿರುತ್ತದೆ. ಇಂದು ಸೆಕೆಂಡಿಗೆ 4.76 ಸೆಂಟಿಮೀಟರಿನ ಸರಿಯಾದ ವೇಗದಲ್ಲಿ ಓಡಿಸಿದಾಗ ಶ್ರುತಿ ಏರುತ್ತದೆ. ಇದಕ್ಕೆ ಮದ್ದಿದೆ. ಹಿಮ್ಮೇಳದ ಶ್ರುತಿ ಹಿನ್ನೆಲೆಯಲ್ಲಿ ಒಂದೇ ಸಮನೆ ಕೇಳುತ್ತಿರುತ್ತದೆ. ಅದನ್ನು ಅಳತೆಯಾಗಿ ಹಿಡಿದು, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ವೇಗ ಬದಲಿಸಿ. ಶ್ರುತಿಯೊಂದನ್ನೇ ಇಳಿಸಿದರೆ ಅವಸರ ಹಾಗೆಯೇ ಉಳಿಯುತ್ತದೆ.

ಇನ್ನು, ಸುಸ್ಸೆನ್ನುವ ಸದ್ದನ್ನು ಮೊದಲು ತೆಗೆಯಬೇಕೆಂಬ ಹಟ. 3.81 ಮಿಲಿಮೀಟರ್ ಅಗಲದ ರೀಲು ಅಷ್ಟು ನಿಧಾನವಾಗಿ ಓಡುವಾಗ ಆ ಸದ್ದು ಇದ್ದೇ ಇರುತ್ತದೆ, ಅದು ರೋಗವಲ್ಲ. ಅದನ್ನು ಪೂರ್ತಿ ಅಳಿಸಹೊರಟರೆ ತಾಳದ ಅನುರಣನವೂ ಅರ್ಥಧಾರಿಯ ಉಸಿರೂ ಜೊತೆಗೇ ಹೋಗಿ, ನೀರೊಳಗಿಂದ ಮಾತಾಡಿದಂತೆ ಕೇಳುತ್ತದೆ. ಬಂದದ್ದು ಬಂದಂತೆಯೇ ಒಂದು ಪ್ರತಿ ಇಡಿ. ಕತ್ತರಿ ಆಡಿಸುವುದೇನಿದ್ದರೂ ಇನ್ನೊಂದರ ಮೇಲೆ.

ಆ ಮೂಲಪ್ರತಿ ಎಂಪಿ3 ಆಗಬಾರದು. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾದರೆ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ ಬೇಕು. ಇಂದಿನ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ. ವಾಟ್ಸ್ಯಾಪಿನಲ್ಲಿ ಹಂಚಲು ಎಂಪಿ3 ಬೇರೆ ಮಾಡಿಕೊಳ್ಳಿ. ರೆಕಾರ್ಡ್ ಮಾಡುವಾಗ ಚೆಂಡೆಯ ಪೆಟ್ಟುಗಳು ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಿರಲಿ. ಕೆಂಪು ಮುಟ್ಟಿ ಒಡೆದ ಸ್ವರ ಮತ್ತೆ ಕೂಡುವುದಿಲ್ಲ.

ಮಳೆನಾಡಿನಲ್ಲಿ ಮುಖ್ಯವಾಗುವ ಒಂದು ಎಚ್ಚರಿಕೆಯಿದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ, ಒಮ್ಮೆ ಹಾಕಿ ನೋಡೋಣ ಎಂದು ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ, ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅದನ್ನು ಬೇರೆ ಇಟ್ಟು, ಬಲ್ಲವರ ಕೈಗೆ ಕೊಡಿ. ಒಳಗಿನ ಫೆಲ್ಟ್ ತುಂಡು ಉದುರಿದ್ದರೆ ಅಷ್ಟು ಹೆದರಬೇಕಿಲ್ಲ: ತಿರುಪುಗಳಿರುವ ಇನ್ನೊಂದು ಡಬ್ಬಿಗೆ ರೀಲನ್ನು ವರ್ಗಾಯಿಸಬಹುದು.

ಇಳಿಸಿಯಾಯಿತಲ್ಲ, ಇನ್ನೇಕೆ ಕ್ಯಾಸೆಟ್ ಎಂದು ಎಸೆಯಲೂಬಾರದು. ನಾಳೆ ಇನ್ನೂ ಒಳ್ಳೆಯ ಡೆಕ್ ಸಿಕ್ಕಬಹುದು, ಹಾರ್ಡ್ ಡಿಸ್ಕ್ ಕೈಕೊಡಬಹುದು. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ಅದರ ಮೇಲೆ ಯಾರೂ ಅಕಸ್ಮಾತ್ತಾಗಿ ಮತ್ತೆ ರೆಕಾರ್ಡ್ ಮಾಡಲಾರರು. ಫೈಲಿನ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ, ಹಿಮ್ಮೇಳ, ಮುಮ್ಮೇಳ ಎಲ್ಲ ಬರಲಿ. ಯಾರ ಅರ್ಥವೆಂದು ತಿಳಿಯದಿದ್ದರೆ ಆ ಆಟಗಳನ್ನು ನೋಡಿದ ಹಿರಿಯರಿಗೆ ಈಗಲೇ ಕೇಳಿಸಿ. ಎರಡು ವಾಕ್ಯ ಕೇಳಿದರೆ ಅವರು ಹೆಸರು ಹೇಳುತ್ತಾರೆ.