ಸರಾಸರಿಯ ಮರೆಯಲ್ಲಿ ಬದಲಾಗುತ್ತಿರುವ ಮುಂಗಾರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದ ಮೇಲೆ ಸುರಿಯುವ ಮುಂಗಾರು ಮಳೆಯನ್ನು ಇಡೀ ದೇಶಕ್ಕೆ ಸಮನಾಗಿ ಹಂಚಿದರೆ ಅದು ಸುಮಾರು 87 ಸೆಂಟಿಮೀಟರ್ ಆಗುತ್ತದೆ. 1971ರಿಂದ 2020ರವರೆಗಿನ ದಾಖಲೆಗಳನ್ನು ಆಧರಿಸಿ ಭಾರತೀಯ ಹವಾಮಾನ ಇಲಾಖೆ ನಿಗದಿಪಡಿಸಿರುವ ಈ ಪ್ರಮಾಣವನ್ನು ದೀರ್ಘಾವಧಿ ಸರಾಸರಿ ಎನ್ನುತ್ತಾರೆ. ವರ್ಷದ ಮಳೆ ಇದರ ಶೇ 96ರಿಂದ 104ರ ನಡುವೆ ಇದ್ದರೆ ಅದು ವಾಡಿಕೆಯ ಮಳೆ. ಆದರೆ ಹೊಲದಲ್ಲಿರುವ ಪೈರಿಗೆ ನಾಲ್ಕು ತಿಂಗಳ ಮೊತ್ತಕ್ಕಿಂತ ಬಿತ್ತನೆಯ, ಹೂ ಬಿಡುವ ಮತ್ತು ಕಾಳು ಕಟ್ಟುವ ಹೊತ್ತಿನ ತೇವವೇ ಮುಖ್ಯ. ಮೃಗಶಿರ, ಆರಿದ್ರಾ, ಪುಷ್ಯ ಎಂದು ಹದಿಮೂರು–ಹದಿನಾಲ್ಕು ದಿನಗಳ ಮಳೆ ನಕ್ಷತ್ರಗಳಲ್ಲಿ ಮಳೆಗಾಲವನ್ನು ಎಣಿಸುತ್ತ ಬಂದ ಕನ್ನಡ ನಾಡಿನ ರೈತರು ಇದನ್ನು ಚೆನ್ನಾಗಿ ಬಲ್ಲರು. ಮುಂಗಾರಿನ ನಿಜವಾದ ಬದಲಾವಣೆಯೂ ಮೊತ್ತಕ್ಕಿಂತ ಹೆಚ್ಚಾಗಿ ಈ ಹಂಚಿಕೆಯಲ್ಲೇ ಕಾಣುತ್ತದೆ.

ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 1951ರಿಂದ 2000ದವರೆಗಿನ ದೈನಿಕ ಮಳೆಯ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಮಧ್ಯ ಭಾರತದಲ್ಲಿ ದಿನಕ್ಕೆ 100 ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆಗಳು ಹೆಚ್ಚಿದ್ದವು, ಹದವಾದ ಮಳೆಗಳು ಕಡಿಮೆಯಾಗಿದ್ದವು. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಸರಿದೂಗಿಸಿದ್ದರಿಂದ ಋತುವಿನ ಮೊತ್ತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1950ರಿಂದ 2015ರ ನಡುವೆ ಅಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿದ ಮಳೆಯ ಪ್ರಕರಣಗಳು ಸುಮಾರು ಶೇ 75ರಷ್ಟು ಹೆಚ್ಚಿವೆ. ಇದೇ ವರದಿಯಲ್ಲಿ ದೇಶದ ಒಟ್ಟು ಮುಂಗಾರು ಮಳೆ 1951ರಿಂದ 2015ರ ನಡುವೆ ಸುಮಾರು ಶೇ 6ರಷ್ಟು ತಗ್ಗಿದ್ದು, ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟಗಳಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ ಎಂಬ ಮಾತಿದೆ. ಮಲೆನಾಡಿನ ಹೊಳೆಗಳನ್ನೇ ನೆಚ್ಚಿಕೊಂಡ ಕರ್ನಾಟಕಕ್ಕೆ ಇದು ಆತಂಕದ ಸಂಗತಿ.

ಮೊತ್ತ ಕುಗ್ಗಿದರೂ ಬಿರುಮಳೆ ಹೆಚ್ಚುವುದು ವಿರೋಧಾಭಾಸವಲ್ಲ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮಳೆಗೆ ಅನುಕೂಲವಾದ ಸ್ಥಿತಿ ಒದಗಿದೊಡನೆ ಅಷ್ಟೂ ಆವಿ ಸ್ವಲ್ಪ ಹೊತ್ತಿನಲ್ಲೇ ನೀರಾಗಿ ಸುರಿಯುತ್ತದೆ. ಮುಂಗಾರು ಮಾರುತವನ್ನು ಒಳಕ್ಕೆ ಸೆಳೆಯುವ ಬಲದ ಕಥೆ ಬೇರೆ. ಬೇಸಿಗೆಯಲ್ಲಿ ನೆಲ ಕಡಲಿಗಿಂತ ಹೆಚ್ಚು ಕಾಯುವುದರಿಂದ ಆ ಸೆಳೆತ ಹುಟ್ಟುತ್ತದೆ. ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಇತ್ತ ಹೊಗೆ, ಮಸಿ ಮತ್ತು ಗಂಧಕದ ಸಂಯುಕ್ತಗಳ ಸೂಕ್ಷ್ಮಕಣಗಳು, ಅಂದರೆ ಏರೋಸಾಲ್‌ಗಳು, ಬಿಸಿಲನ್ನು ತಡೆದು ನೆಲ ಪೂರ್ತಿ ಕಾಯದಂತೆ ಮಾಡಿವೆ. ನೆಲ–ಕಡಲುಗಳ ನಡುವಿನ ಅಂತರ ಹೀಗೆ ಕಿರಿದಾದುದೇ ಮಾರುತ ದುರ್ಬಲಗೊಳ್ಳಲು ಮುಖ್ಯ ಕಾರಣವೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಎರಡು ಮಳೆಗಳ ನಡುವಿನ ಬಿಡುವು ದೀರ್ಘವಾದಾಗ ತಾಪವೂ ಏರುತ್ತದೆ. ತೇವವಿರುವ ಮಣ್ಣಿನಲ್ಲಿ ಬಿಸಿಲಿನ ಬಹುಪಾಲು ಶಕ್ತಿ ನೀರನ್ನು ಆವಿಯಾಗಿಸಲು ವೆಚ್ಚವಾಗುತ್ತದೆ. ಮಣ್ಣು ಒಣಗಿದ ಮೇಲೆ ಅದೇ ಶಕ್ತಿ ನೇರವಾಗಿ ಗಾಳಿಯನ್ನು ಕಾಯಿಸುತ್ತದೆ. ಭಾರತದ ಸರಾಸರಿ ತಾಪಮಾನ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿಯಷ್ಟು ಏರಿದ್ದರೆ, 1986ರಿಂದ 2015ರ ಮೂವತ್ತೇ ವರ್ಷಗಳಲ್ಲಿ ವರ್ಷದ ಅತಿ ಬಿಸಿಯಾದ ಹಗಲಿನ ತಾಪ 0.63 ಡಿಗ್ರಿಯಷ್ಟು ಮತ್ತು ಅತಿ ತಂಪಾದ ರಾತ್ರಿಯ ತಾಪ 0.4 ಡಿಗ್ರಿಯಷ್ಟು ಹೆಚ್ಚಿವೆ. ಇರುಳಿನ ಈ ಏರಿಕೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಹಗಲೆಲ್ಲ ಬಿಸಿಲಲ್ಲಿ ದುಡಿದ ದೇಹ ಚೇತರಿಸಿಕೊಳ್ಳಬೇಕಾದದ್ದು ರಾತ್ರಿಯ ತಂಪಿನಲ್ಲೇ.

ದೇಶದ ಮುಂಗಾರು ಶೇ 22ರಷ್ಟು ಕೊರತೆ ಕಂಡ 2009ರಲ್ಲೇ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಕೆಲವೇ ದಿನಗಳ ಮಳೆಗೆ ವಿಜಯಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳು ಭೀಕರ ಪ್ರವಾಹಕ್ಕೆ ತುತ್ತಾದವು. ಒಂದು ವರ್ಷದ ಘಟನೆಯಿಂದ ಪ್ರವೃತ್ತಿಯನ್ನು ನಿರ್ಧರಿಸಲಾಗದು, ಅದಕ್ಕೆ ದಶಕಗಳ ದಾಖಲೆ ಬೇಕು. ಆದರೆ ಬರ ಮತ್ತು ನೆರೆ ಒಂದೇ ಋತುವಿನಲ್ಲಿ ಬರಬಲ್ಲವು ಎಂಬುದಕ್ಕೆ ಅದು ಸಾಕ್ಷಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಮಳೆ ಎಷ್ಟು ಬಿತ್ತೆಂಬುದರ ಜೊತೆಗೆ ಎಷ್ಟು ಹೊತ್ತಿನಲ್ಲಿ ಬಿತ್ತೆಂಬುದನ್ನೂ ದಾಖಲಿಸುತ್ತವೆ. ಈ ದಾಖಲೆ ಎಡೆಬಿಡದೆ ಮುಂದುವರಿದರೆ ಜಿಲ್ಲೆಯ ಸರಾಸರಿಯಲ್ಲಿ ಕಾಣದ ಬದಲಾವಣೆಯನ್ನು ಹಳ್ಳಿಯ ಮಟ್ಟದಲ್ಲೇ ಅಳೆಯಲು ಸಾಧ್ಯವಾಗುತ್ತದೆ.