ದೂರದ ಗ್ಯಾಲಕ್ಸಿಯ ಲ್ಯಾಬ್ ರಿಪೋರ್ಟು

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಖರೀದಿದಾರರು ಚೀಲಕ್ಕೆ ಕೈ ಹಾಕಿ, ನಾಲ್ಕು ಮೆಣಸಿನಕಾಯಿ ತೆಗೆದು, ಬಣ್ಣ ನೋಡಿ ದರ ಹಾಕುತ್ತಾರೆ. ಅದೇ ಕಾಯಿ ಅದರ ಸಾರವಾದ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗೆ ಹೊರಟರೆ ಕಣ್ಣಿನ ಲೆಕ್ಕ ಸಾಲದು. ಪುಡಿಯ ಬಣ್ಣವನ್ನು ಅಸಿಟೋನ್‌ನಲ್ಲಿ ಇಳಿಸಿ, 460 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಅಳೆದು ‘ಆಸ್ಟಾ’ ಅಂಕ ಕೊಡುತ್ತಾರೆ. ಅತಿ ಹಳೆಯ ಗ್ಯಾಲಕ್ಸಿಗಳ ದೂರ ತಿಳಿಯುವುದೂ ಹೀಗೆಯೇ: ಮೊದಲು ಬಣ್ಣ ನೋಡಿ ಅಂದಾಜು, ಆಮೇಲೆ ರೋಹಿತ, ಅಂದರೆ ತರಂಗಾಂತರಗಳಾಗಿ ಬಿಡಿಸಿ ಹರಡಿದ ಬೆಳಕು, ತೆಗೆದು ಖಾತ್ರಿ.

ವಿಶ್ವ ಹಿಗ್ಗಿದಂತೆ ಅದರಲ್ಲಿ ಸಾಗುವ ಬೆಳಕಿನ ಅಲೆಯೂ ಹಿಗ್ಗುತ್ತದೆ. ಇದು ಕೆಂಪುಪಲ್ಲಟ, ಪಲ್ಲಟ 14 ಎಂದರೆ ಅಲೆ 15 ಪಟ್ಟು ಉದ್ದವಾಗಿದೆ ಎಂದರ್ಥ. ಆದಿಕಾಲದ ಹೈಡ್ರೋಜನ್ 121.6 ನ್ಯಾನೊಮೀಟರಿಗಿಂತ ಕಿರಿದಾದ ಅತಿನೇರಳೆ ಬೆಳಕನ್ನು ನುಂಗಿಬಿಡುತ್ತಿತ್ತು. ಪಲ್ಲಟ 14ರಲ್ಲಿ ಆ ಗಡಿ ಹಿಗ್ಗಿ 1.8 ಮೈಕ್ರಾನಿಗೆ, ಅಂದರೆ ಅವಗೆಂಪಿಗೆ ಬಂದು ನಿಲ್ಲುತ್ತದೆ. ಗಡಿಯಿಂದ ಈಚಿನ ಫಿಲ್ಟರುಗಳಲ್ಲಿ ಗ್ಯಾಲಕ್ಸಿ ಕಾಣೆ, ಆಚಿನವುಗಳಲ್ಲಿ ಪ್ರತ್ಯಕ್ಷ.

ಮೋಸ ಹೋಗುವುದೂ ಇಲ್ಲೇ. ಸಿಯರ್ಸ್-93316 ಎಂಬ ಗ್ಯಾಲಕ್ಸಿಗೆ ಬಣ್ಣದ ಲೆಕ್ಕದಲ್ಲಿ ಪಲ್ಲಟ 16 ದಾಟಿತ್ತು. ರೋಹಿತ ತೆಗೆದರೆ ಬರೀ 4.9! ಧೂಳು ಅದನ್ನು ಕೆಂಪಾಗಿಸಿತ್ತು. ಆಕ್ಸಿಜನ್, ಹೈಡ್ರೋಜನ್‌ಗಳ ಹೊಳಪಿನ ಗೆರೆಗಳು ಸರಿಯಾಗಿ ಫಿಲ್ಟರುಗಳೊಳಗೆ ಬಿದ್ದು ಲೆಕ್ಕ ತಪ್ಪಿಸಿದ್ದವು.

ರೋಹಿತ ತೆಗೆಯುವುದು ಜೇಮ್ಸ್ ವೆಬ್ ದೂರದರ್ಶಕದ ನಿರ್‌ಸ್ಪೆಕ್ ಉಪಕರಣ. ಅದರಲ್ಲಿ ಸುಮಾರು 2.5 ಲಕ್ಷ ಕಿಟಕಿಗಳಿವೆ. ಒಂದೊಂದರ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗ. ಬೇಕಾದ ಗ್ಯಾಲಕ್ಸಿಗಳ ಎದುರಿನವನ್ನಷ್ಟೇ ತೆರೆದು, ಒಳಬಂದ ಬೆಳಕನ್ನು 0.6ರಿಂದ 5.3 ಮೈಕ್ರಾನ್‌ವರೆಗೆ ಹರಡುತ್ತಾರೆ. ನೆಲದ ಮೇಲೆ ಇದು ಕಷ್ಟ, ಏಕೆಂದರೆ ನಮ್ಮ ಗಾಳಿ ಮತ್ತು ಬೆಚ್ಚಗಿನ ದೂರದರ್ಶಕ ಎರಡೂ ಅವಗೆಂಪು ಸೂಸುತ್ತವೆ. ಹೊಸಕೋಟೆಯಿಂದ ನಡೆಸುವ, ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕಕ್ಕೂ ಇಷ್ಟು ಮಂದ ಬೆಳಕು ಎಟುಕದು.

2024ರ ಜನವರಿಯಲ್ಲಿ ವೆಬ್ ಒಂದು ಗ್ಯಾಲಕ್ಸಿಯನ್ನು ಸುಮಾರು ಹತ್ತು ಗಂಟೆ ದಿಟ್ಟಿಸಿತು. ಹೆಸರು ಜೇಡ್ಸ್-ಜಿಎಸ್-ಝಡ್14-0. ಗಡಿ ಸಿಕ್ಕಿತು, ಪಲ್ಲಟ 14.32 ಎಂದಾಯಿತು. ಆದರೆ ಸುತ್ತಲಿನ ಹೈಡ್ರೋಜನ್ ಆ ಗಡಿಯ ಅಂಚನ್ನೇ ಮಸುಕು ಮಾಡುತ್ತದೆ. 2025ರಲ್ಲಿ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಗಳು ಅಲ್ಲಿ ಆಕ್ಸಿಜನ್ ಗೆರೆ ಹಿಡಿದವು. 88 ಮೈಕ್ರಾನಿನ ಗೆರೆ 1.34 ಮಿಲಿಮೀಟರಿಗೆ ಬಂದಿತ್ತು, ಪಲ್ಲಟ 14.18ಕ್ಕೆ ಇಳಿಯಿತು. ಚೂಪು ಗೆರೆ ಸಿಕ್ಕಿದರೆ ತಕರಾರಿಗೆ ಜಾಗವಿಲ್ಲ.

ಇಷ್ಟಾದರೂ ಅಳೆದದ್ದು ಹಿಗ್ಗಿದ ಪ್ರಮಾಣ ಮಾತ್ರ. ದೂರ ಬರುವುದು ವಿಶ್ವ ಹಿಗ್ಗಿದ ವೇಗದ ಲೆಕ್ಕದಿಂದ. ಬೆಳಕು ಸುಮಾರು 1,350 ಕೋಟಿ ವರ್ಷ ನಡೆದಿದೆ; ಅಷ್ಟರಲ್ಲಿ ಗ್ಯಾಲಕ್ಸಿ ಇನ್ನೂ ಆಚೆ ಸರಿದು, ಇಂದು ಸುಮಾರು 3,400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಸುದ್ದಿಗಳಲ್ಲಿ ಈ ಎರಡು ಸಂಖ್ಯೆ ಕಲಸಿಹೋಗುವುದೇ ಹೆಚ್ಚು.